ಹಗುರ ಚೀಲದ ಹಿಂದಿನ ಹೆಗಲುಗಳು

1955ರ ಮೇ 3. ಅಮೆರಿಕದ ಜಾರ್ಜಿಯಾ ರಾಜ್ಯದ ಓಗಲ್‌ಥಾರ್ಪ್ ಬೆಟ್ಟದಿಂದ 67 ವರ್ಷದ ಅಜ್ಜಿಯೊಬ್ಬಳು ಉತ್ತರ ದಿಕ್ಕಿಗೆ ನಡೆಯತೊಡಗಿದಳು. ಹೆಸರು ಎಮ್ಮಾ ಗೇಟ್‌ವುಡ್. ಹನ್ನೊಂದು ಮಕ್ಕಳ ತಾಯಿ, ಇಪ್ಪತ್ತಮೂರು ಮೊಮ್ಮಕ್ಕಳ ಅಜ್ಜಿ. ಕಾಲಲ್ಲಿ ಶಾಲೆಯ ಹುಡುಗರು ಆಟಕ್ಕೆ ಹಾಕಿಕೊಳ್ಳುವಂಥ ಕ್ಯಾನ್ವಾಸ್ ಬೂಟು. ಹೆಗಲಿಗೆ ತಾನೇ ಹೊಲಿದುಕೊಂಡ ಡೆನಿಮ್ ಬಟ್ಟೆಯ ಒಂದು ಚೀಲ. ಮುಟ್ಟಬೇಕಾಗಿದ್ದ ಸ್ಥಳ ದೇಶದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದ ಕಟಾಡಿನ್ ಶಿಖರ. ದೂರ 2,050 ಮೈಲಿ, ಅಂದರೆ ಸುಮಾರು 3,300 ಕಿಲೋಮೀಟರ್. ಕನ್ಯಾಕುಮಾರಿಯಿಂದ ಹೊರಟರೆ ಪಂಜಾಬ್ ಸೇರುವಷ್ಟು! ಅದೂ ಹೆದ್ದಾರಿಯಲ್ಲಲ್ಲ, ಅಪಲೇಚಿಯನ್ ಪರ್ವತಸಾಲಿನ ಬೆನ್ನ ಮೇಲೆ ಏರುತ್ತ ಇಳಿಯುತ್ತ ಸಾಗುವ ಕಾಡಿನ ಕಾಲುದಾರಿಯಲ್ಲಿ.

ಮಕ್ಕಳಿಗೆ ಆಕೆ ಹೇಳಿ ಹೊರಟದ್ದು ಇಷ್ಟೇ: ಸ್ವಲ್ಪ ನಡೆದು ಬರುತ್ತೇನೆ.

ಆ ಚೀಲದಲ್ಲಿ ಗುಡಾರವಿರಲಿಲ್ಲ, ಮಲಗುವ ಚೀಲವಿರಲಿಲ್ಲ, ನಕ್ಷೆಯೂ ಇರಲಿಲ್ಲ. ಸೇನೆಯವರು ಬಳಸುವಂಥ ಒಂದು ಕಂಬಳಿ, ಮಳೆಯಂಗಿ, ಬಚ್ಚಲುಮನೆಗೆ ಇಳಿಬಿಡುವ ಪ್ಲಾಸ್ಟಿಕ್ ಪರದೆ, ಒಂದು ಬಟ್ಟಲು, ಗಾಯಕ್ಕೆ ಸುತ್ತುವ ಪಟ್ಟಿ, ಬದಲಿ ಬಟ್ಟೆ. ತಿನ್ನಲು ಒಣದ್ರಾಕ್ಷಿ, ಬಗೆಬಗೆಯ ಬೀಜಗಳು, ಹಾಲಿನ ಪುಡಿ, ಡಬ್ಬಿಯ ಸಾಸೇಜು. ಎಲ್ಲ ಸೇರಿ 9 ಕಿಲೋ ದಾಟುತ್ತಿದ್ದುದು ಅಪರೂಪ. ಮಳೆ ಬಂದರೆ ಆ ಬಚ್ಚಲಿನ ಪರದೆಯೇ ಸೂರು. ಚಳಿಯಾದರೆ ಚಪ್ಪಟೆ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ ಅವುಗಳ ಮೇಲೆ ಮಲಗುವುದು.

ಇಂದು ಚಾರಣಿಗರ ನಡುವೆ 'ಹಗುರ ಚಾರಣ' ಎಂಬ ಹವ್ಯಾಸವೇ ಬೆಳೆದು ನಿಂತಿದೆ. ಅನ್ನ, ನೀರು, ಇಂಧನ ಬಿಟ್ಟು ಉಳಿದ ಸಾಮಾನೆಲ್ಲ ನಾಲ್ಕೂವರೆ ಕಿಲೋದೊಳಗೆ ಇರಬೇಕು ಎಂಬುದು ಈ ಪಂಥದ ಕಟ್ಟಾ ಅನುಯಾಯಿಗಳ ವ್ರತ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧ ಕತ್ತರಿಸಿ ಎಸೆಯುವಷ್ಟು ಶ್ರದ್ಧೆ! ಅವರೆಲ್ಲ ಎಮ್ಮಾ ಅಜ್ಜಿಯನ್ನು ತಮ್ಮ ಹಿರಿಯಳೆಂದು ನೆನೆಯುತ್ತಾರೆ. ನೆನೆಯುವುದು ಸರಿಯೇ. ಆದರೆ ಆಕೆಯ ಚೀಲ ಅಷ್ಟು ಹಗುರವಾಗಲು ಯಾರು ಯಾರು ಕಾರಣರಾದರು ಎಂಬ ಇನ್ನೊಂದು ಲೆಕ್ಕವಿದೆ. ಅದನ್ನು ಕೇಳುವವರು ಕಡಿಮೆ.

ತೂಕ ಎಲ್ಲಿ ಹೋಯಿತು?

ಮೊದಲು ಊಟದ ಲೆಕ್ಕವನ್ನೇ ತೆಗೆದುಕೊಳ್ಳಿ. ಎಮ್ಮಾ ಕಟಾಡಿನ್ ಶಿಖರ ಮುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರ್ 25ರಂದು, 146 ದಿನಗಳ ನಡಿಗೆಯ ನಂತರ. ದಿನವಿಡೀ ಬೆಟ್ಟ ಹತ್ತಿ ಇಳಿಯುವವರಿಗೆ ಒಣ ಆಹಾರವೇ ಆದರೂ ದಿನಕ್ಕೆ ಮುಕ್ಕಾಲು ಕಿಲೋದ ಆಸುಪಾಸು ಬೇಕು. 800 ಗ್ರಾಂ ಎಂದಿಟ್ಟುಕೊಳ್ಳೋಣ. 146 ದಿನಕ್ಕೆ ಸುಮಾರು 117 ಕಿಲೋ. ಒಂದು ಕ್ವಿಂಟಲ್ ಮೀರಿತು! 9 ಕಿಲೋ ಚೀಲದಲ್ಲಿ ಒಂದು ಕ್ವಿಂಟಲ್ ಆಹಾರ ಹಿಡಿಸುವ ಮಂತ್ರ ಯಾವ ಅಜ್ಜಿಗೂ ಗೊತ್ತಿಲ್ಲ. ಆ ತೂಕ ದಾರಿಯುದ್ದಕ್ಕೂ ಹಳ್ಳಿಯ ಅಂಗಡಿಗಳಲ್ಲಿ, ರೈತರ ಅಡುಗೆಮನೆಗಳಲ್ಲಿ, ಕಾಡಿನ ಕಾವಲುಗಾರರ ಗುಡಿಸಲುಗಳಲ್ಲಿ ಹಂಚಿಕೊಂಡು ಕುಳಿತಿತ್ತು. ಗುಡಾರದ ತೂಕವೂ ಹಾಗೆಯೇ. ಯಾರದೋ ಮನೆಯ ಕೋಣೆ, ಯಾರದೋ ಜಗಲಿಯ ಉಯ್ಯಾಲೆ, ಕಾಲುದಾರಿಯ ಸಂಘದವರು ಕಟ್ಟಿಟ್ಟ ಮೂರು ಗೋಡೆಯ ತಂಗುಮನೆ. ಏನೂ ಸಿಗದ ರಾತ್ರಿ ಎಲೆಗಳ ರಾಶಿ.

ಇನ್ನು ಒಂದೊಂದು ಕಿಲೋ ಇಳಿಸಿದರೆ ಏನು ಲಾಭ? ವಿಜ್ಞಾನದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಅಪಲೇಚಿಯನ್ ಕಾಲುದಾರಿಯ ಒಟ್ಟು ಏರುಗಳನ್ನೆಲ್ಲ ಕೂಡಿದರೆ ಸುಮಾರು 140 ಕಿಲೋಮೀಟರ್ ಆಗುತ್ತದೆ. ಸಮುದ್ರಮಟ್ಟದಿಂದ ಎವರೆಸ್ಟನ್ನು ಹದಿನಾರು ಸಲ ಹತ್ತಿದ ಹಾಗೆ. ಒಂದು ಕಿಲೋ ವಸ್ತುವನ್ನು ಅಷ್ಟು ಎತ್ತಲು ಬೇಕಾದ ಕೆಲಸ ರಾಶಿ, ಗುರುತ್ವ, ಎತ್ತರಗಳ ಗುಣಲಬ್ಧ: 1 × 9.8 × 1,40,000. ಸುಮಾರು 13.7 ಲಕ್ಷ ಜೂಲ್, ಅಂದರೆ 330 ಕಿಲೋಕ್ಯಾಲೊರಿ. ನಮ್ಮ ಸ್ನಾಯುಗಳು ತಿಂದ ಅನ್ನದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಮಾತ್ರ ಕೆಲಸಕ್ಕೆ ಹಚ್ಚುತ್ತವೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ಆ ಒಂದು ಕಿಲೋ ಹೊತ್ತದ್ದಕ್ಕೆ 1,300 ಕಿಲೋಕ್ಯಾಲೊರಿಯ ಊಟ ಹೆಚ್ಚಿಗೆ ಬೇಕು. ಇದು ಏರಿನ ಲೆಕ್ಕ ಮಾತ್ರ. ಇಳಿಜಾರಿನಲ್ಲಿ ಮಂಡಿ ತಿನ್ನುವ ಪೆಟ್ಟು ಯಾವ ಸೂತ್ರದಲ್ಲೂ ಸುಲಭವಾಗಿ ಬರುವುದಿಲ್ಲ.

ಕಾಲಿನ ತೂಕದ ವಿಚಾರ ಇನ್ನೂ ಸ್ವಾರಸ್ಯದ್ದು. ಬೆನ್ನ ಮೇಲಿನ ಹೊರೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಮುಂದೆ ಸಾಗುತ್ತದೆ. ಪಾದ ಹಾಗಲ್ಲ. ಹೆಜ್ಜೆಹೆಜ್ಜೆಗೂ ಅದು ನಿಲ್ಲಬೇಕು, ಮತ್ತೆ ವೇಗ ಪಡೆಯಬೇಕು, ಮೇಲೇಳಬೇಕು. ಅದಕ್ಕೇ ಬೂಟಿನಲ್ಲಿ ಹೆಚ್ಚಾದ ಒಂದು ಕಿಲೋ ಬೆನ್ನಿನ ಮೇಲಿನ ನಾಲ್ಕೈದು ಕಿಲೋಗೆ ಸಮ ಎಂದು ಚಾರಣಿಗರು ಹೇಳುವುದು. ಭಾರಿ ಚರ್ಮದ ಬೂಟುಗಳೇ ಬೆಟ್ಟಕ್ಕೆ ಯೋಗ್ಯ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಕ್ಯಾನ್ವಾಸ್ ಬೂಟು ತೊಟ್ಟು ಹೊರಟ ಅಜ್ಜಿ ಈ ಸೂತ್ರ ಓದಿರಲಿಲ್ಲ. ಬೂಟುಗಳು ಮಾತ್ರ ಜೋಡಿಯ ಮೇಲೆ ಜೋಡಿ ಸವೆದುಹೋದವು, ದಾರಿಯಲ್ಲೇ ಹೊಸದನ್ನು ಕೊಂಡಳು.

(ಪಾಲಕರಿಗೆ ಇಲ್ಲೊಂದು ಮಾತು. ಶಾಲಾಚೀಲ ಮಗುವಿನ ಮೈತೂಕದ ಶೇಕಡ 10ನ್ನು ಮೀರಬಾರದು ಎಂದು ಕೇಂದ್ರದ 2020ರ ಶಾಲಾಚೀಲ ನೀತಿ ಹೇಳುತ್ತದೆ. ಇವತ್ತು ಸಂಜೆ ಮಗ ಅಥವಾ ಮಗಳು ಮನೆಗೆ ಬಂದಾಗ ಚೀಲವನ್ನು ತಕ್ಕಡಿಗೆ ಹಾಕಿ ನೋಡಿ. ಎಮ್ಮಾ ಅಜ್ಜಿಯ ಚೀಲದ ಹತ್ತಿರ ಬಂದರೆ ಆಶ್ಚರ್ಯಪಡಬೇಡಿ.)

ಬಡಿದ ಬಾಗಿಲುಗಳು

ಎಮ್ಮಾ ಹುಟ್ಟಿದ್ದು 1887ರಲ್ಲಿ, ಒಹಾಯೊ ರಾಜ್ಯದ ಗ್ಯಾಲಿಯಾ ಕೌಂಟಿಯ ಒಂದು ರೈತ ಕುಟುಂಬದಲ್ಲಿ. ಹದಿನೈದು ಮಕ್ಕಳಲ್ಲಿ ಒಬ್ಬಳು. 19ರ ವಯಸ್ಸಿಗೆ ಮದುವೆ. ಗಂಡ ಓದಿದವನು, ಹೊರಗೆ ಮರ್ಯಾದಸ್ಥ. ಮನೆಯೊಳಗೆ ಕೈ ಎತ್ತುತ್ತಿದ್ದ. ಹಲ್ಲು ಮುರಿಯುವಂತೆ, ಪಕ್ಕೆಲುಬು ಬಿರಿಯುವಂತೆ ಹೊಡೆದದ್ದುಂಟು. ಆ ದಿನಗಳಲ್ಲಿ ಆಕೆಗೆ ಸಿಗುತ್ತಿದ್ದ ಒಂದೇ ಆಸರೆ ಮನೆಯ ಹಿಂದಿನ ಕಾಡು. ಏಟು ತಪ್ಪಿಸಿಕೊಂಡು ಓಡಿ ಅಲ್ಲಿ ಕೂರುತ್ತಿದ್ದಳು. ಮೂವತ್ತು ವರ್ಷಕ್ಕೂ ಮಿಕ್ಕಿ ಹೀಗೆ ಬಾಳಿ, 1941ರಲ್ಲಿ ವಿಚ್ಛೇದನ ಪಡೆದಳು. ಕೊನೆಯ ಮಕ್ಕಳು ದೊಡ್ಡವರಾಗುವ ತನಕ ದುಡಿದಳು. 1949ರ 'ನ್ಯಾಷನಲ್ ಜಿಯೋಗ್ರಾಫಿಕ್' ಪತ್ರಿಕೆಯಲ್ಲಿ ಅಪಲೇಚಿಯನ್ ಕಾಲುದಾರಿಯ ಬಗ್ಗೆ ಬಂದ ಲೇಖನ ಆಕೆಯ ಕೈಗೆ ಬಿತ್ತು. ಅಂದವಾದ ದಾರಿ, ಒಂದು ದಿನದ ನಡಿಗೆಗೆ ಒಂದೊಂದು ತಂಗುಮನೆ, ಯಾರು ಬೇಕಾದರೂ ನಡೆಯಬಹುದು ಎಂಬ ಚಿತ್ರ ಆ ಲೇಖನದಿಂದ ಆಕೆಯ ಮನಸ್ಸಿನಲ್ಲಿ ನಿಂತಿತು. ವಾಸ್ತವ ಬೇರೆ ಇತ್ತು.

ಮೊದಲ ಪ್ರಯತ್ನ 1954ರಲ್ಲಿ, ಕಟಾಡಿನ್ ಕಡೆಯಿಂದ ದಕ್ಷಿಣಕ್ಕೆ. ಕೆಲವೇ ದಿನದಲ್ಲಿ ದಾರಿ ತಪ್ಪಿತು, ಕನ್ನಡಕ ಒಡೆಯಿತು, ಬುತ್ತಿ ಮುಗಿಯಿತು. ಹುಡುಕಿ ಬಂದ ಅರಣ್ಯ ಕಾವಲಿನವರು ಆಕೆಯನ್ನು ಕ್ಷೇಮವಾಗಿ ಹೊರಗೆ ತಂದು, ಮನೆಗೆ ಹೋಗಲು ಬುದ್ಧಿ ಹೇಳಿದರು. ಆಕೆಗೆ ಆದ ಅವಮಾನವನ್ನು ಕಥೆ ಹೇಳುವವರೆಲ್ಲ ಹೇಳುತ್ತಾರೆ. ಆ ಕಾವಲಿನವರು ಹುಡುಕದೆ ಹೋಗಿದ್ದರೆ 1955 ಎಂಬ ವರ್ಷವೇ ಈ ಕಥೆಯಲ್ಲಿ ಬರುತ್ತಿರಲಿಲ್ಲ ಎಂಬುದನ್ನು ಹೇಳುವವರು ಕಡಿಮೆ.

ಮರುವರ್ಷ ಮತ್ತೆ ಹೊರಟಾಗ ಆಕೆಯ ಬಳಿ ಒಂದು ಪುಟ್ಟ ಪುಸ್ತಕವಿತ್ತು. ದಿನದಿನದ ಸಂಗತಿಗಳನ್ನು ಅದರಲ್ಲಿ ಚುಟುಕಾಗಿ ಬರೆದಿಡುತ್ತಿದ್ದಳು. ಪತ್ರಕರ್ತ ಬೆನ್ ಮಾಂಟ್ಗೊಮೆರಿ ಆ ದಿನಚರಿಗಳನ್ನೂ ಕಾಗದಪತ್ರಗಳನ್ನೂ ಆಕೆಯ ಮಕ್ಕಳಿಂದ ಪಡೆದು, ಹಳಬರನ್ನು ಕಂಡು ಮಾತಾಡಿಸಿ, 2014ರಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲಿ ಬೆಟ್ಟಗುಡ್ಡಗಳ ವರ್ಣನೆಗಿಂತ ಊಟ ಹಾಕಿದವರ, ಹಾಸಿಗೆ ಕೊಟ್ಟವರ ಸುದ್ದಿಯೇ ಮತ್ತೆ ಮತ್ತೆ ಬರುತ್ತದೆ. ಸಂಜೆಯಾದರೆ ಅಜ್ಜಿ ಕಾಲುದಾರಿ ಬಿಟ್ಟು ಕೆಳಗಿಳಿದು ಯಾವುದಾದರೊಂದು ಮನೆಯ ಬಾಗಿಲು ತಟ್ಟುವಳು. ಕೆಲವರು ಅನುಮಾನದಿಂದ ನೋಡಿ ಬಾಗಿಲು ಹಾಕಿಕೊಂಡರು. ಹೆಂಗಸೊಬ್ಬಳು ಈ ವಯಸ್ಸಿನಲ್ಲಿ ಒಬ್ಬಳೇ ಕಾಡಿನಿಂದ ಬಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಆದರೆ ಮುಂದಿನ ಮನೆಯವರೋ, ಅದರ ಮುಂದಿನ ಮನೆಯವರೋ ಒಳಕ್ಕೆ ಕರೆದರು. ಬಿಸಿ ಊಟ ಬಡಿಸಿದರು, ಬೆಳಿಗ್ಗೆ ಬುತ್ತಿ ಕಟ್ಟಿದರು. ತನ್ನ ಮನೆಯೊಳಗೆ ಮೂವತ್ತು ವರ್ಷ ಸಿಗದಿದ್ದ ಮೃದು ಮಾತು ಆಕೆಗೆ ಸಿಕ್ಕಿದ್ದು ಹೆಸರೂ ಗೊತ್ತಿಲ್ಲದವರ ಅಡುಗೆಮನೆಗಳಲ್ಲಿ.

ವರ್ಜೀನಿಯದ ರೋನೋಕ್ ಊರಿನ ಪತ್ರಿಕೆ ಆಕೆಯ ಸುದ್ದಿ ಬರೆದ ಮೇಲೆ ಪರಿಸ್ಥಿತಿ ಬದಲಾಯಿತು. ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ಸುದ್ದಿ ಹಬ್ಬಿತು. ಈಗ ಜನ 'ಗ್ರ್ಯಾಂಡ್‌ಮಾ ಗೇಟ್‌ವುಡ್' ಬರುವ ದಾರಿಯನ್ನೇ ಕಾದು ಕುಳಿತರು.

ಆಗಸ್ಟ್ ತಿಂಗಳಲ್ಲಿ ಕೋನಿ ಮತ್ತು ಡಯಾನ್ ಎಂಬ ಎರಡು ಚಂಡಮಾರುತಗಳು ವಾರದೊಳಗೆ ಒಂದರ ಹಿಂದೊಂದು ಬಂದವು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನದಿಗಳು ಊರೊಳಗೆ ನುಗ್ಗಿದವು, ನೂರಾರು ಜೀವಹಾನಿಯಾಯಿತು. ಅಜ್ಜಿ ಆಗ ಅದೇ ಸೀಮೆಯ ಕಾಡಿನಲ್ಲಿದ್ದಳು. ವರ್ಮಾಂಟ್ ರಾಜ್ಯದಲ್ಲಿ ಒಂದು ಹೊಳೆಯ ಸೇತುವೆ ಹೋಗಿತ್ತು. ನೀರು ಕೆಂಪಗೆ ಭೋರ್ಗರೆಯುತ್ತಿತ್ತು. ಈಜು ಬಾರದ ಅಜ್ಜಿ ದಡದಲ್ಲಿ ಕಾದಳು. ಅದೇ ದಾರಿಯಲ್ಲಿ ನಡೆದು ಬಂದ ನೌಕಾಪಡೆಯ ಇಬ್ಬರು ಯುವಕರು ಹಗ್ಗದಿಂದ ಆಕೆಯನ್ನು ತಮ್ಮಿಬ್ಬರ ನಡುವೆ ಕಟ್ಟಿಕೊಂಡು ಹೊಳೆ ದಾಟಿಸಿದರು. ಮೇನ್ ರಾಜ್ಯದ ಕೆನೆಬೆಕ್ ನದಿಯನ್ನು ಅರಣ್ಯ ವಾರ್ಡನ್‌ಗಳು ದೋಣಿಯಲ್ಲಿ ದಾಟಿಸಿದರು. ಆಕೆಯ ಚೀಲದಲ್ಲಿ ಹಗ್ಗವೂ ಇರಲಿಲ್ಲ, ದೋಣಿಯಂತೂ ದೂರದ ಮಾತು.

ಒಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಬಾಗಿಲು ತಟ್ಟಿದವಳು ಬಿಳಿಯ ಅಜ್ಜಿ. ಆಕೆ ಹೊರಟ ಜಾರ್ಜಿಯಾದಲ್ಲಿ ಆಗ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆ, ಬೇರೆ ಬೇರೆ ಸೀಟು. ಪಕ್ಕದ ಅಲಬಾಮಾದಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೆ ಒಳಗಾದದ್ದು ಅದೇ 1955ರ ಡಿಸೆಂಬರ್ 1ರಂದು. ಅಂಥ ಊರುಗಳಲ್ಲಿ ಕಪ್ಪು ಬಣ್ಣದ ಅಜ್ಜಿಯೊಬ್ಬಳು ಸಂಜೆ ಹೊತ್ತು ಬಾಗಿಲು ತಟ್ಟಿದ್ದರೆ ಎಷ್ಟು ಮನೆಗಳು ತೆರೆಯುತ್ತಿದ್ದವು? ಆಕೆ ಎಷ್ಟು ಕಿಲೋ ಹೊರಬೇಕಾಗುತ್ತಿತ್ತು? ಹಗುರ ಚೀಲದ ಭಾಗ್ಯ ಎಲ್ಲರಿಗೂ ಒಂದೇ ಬೆಲೆಗೆ ಸಿಗುತ್ತಿರಲಿಲ್ಲ.

ಬಣ್ಣ ಹಚ್ಚುವವರು, ಪಾರ್ಸೆಲ್ ಕಳಿಸುವವರು

ಈ ಕಾಲುದಾರಿ ಸರ್ಕಾರ ಒಂದು ದಿನ ಆದೇಶ ಹೊರಡಿಸಿ ಮಾಡಿಸಿದ್ದಲ್ಲ. ಬೆಂಟನ್ ಮೆಕಾಯ್ ಎಂಬಾತ 1921ರಲ್ಲಿ ಲೇಖನವೊಂದರಲ್ಲಿ ಇಂಥ ದಾರಿಯ ಕನಸು ಬಿತ್ತಿದ. ಮೈರನ್ ಏವರಿ ಎಂಬ ವಕೀಲ, ಅಳತೆಯ ಚಕ್ರ ತಳ್ಳಿಕೊಂಡು ಬೆಟ್ಟ ಸುತ್ತಿದ ಹಠವಾದಿ, ಊರೂರ ಸಂಘಗಳನ್ನು ಕಟ್ಟಿ ದಾರಿ ಕಡಿಸಿದ. 1937ರಲ್ಲಿ ಕೆಲಸ ಮುಗಿಯಿತು. ಇಬ್ಬರಿಗೂ ಪರಸ್ಪರ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹದಿನಾಲ್ಕು ರಾಜ್ಯಗಳನ್ನು ಹಾಯುವ ಈ ದಾರಿಯನ್ನು ಇಂದಿಗೂ ನೋಡಿಕೊಳ್ಳುವವರು ಮೂವತ್ತರಷ್ಟು ಸ್ವಯಂಸೇವಾ ಸಂಘಗಳು. ನಿವೃತ್ತ ಮೇಷ್ಟ್ರು, ದಾದಿ, ಕಾಲೇಜು ಹುಡುಗಿ, ಬಡಗಿ, ಹೀಗೆ ಎಲ್ಲ ಬಗೆಯ ಜನ ವರ್ಷಕ್ಕೆ ಸುಮಾರು 2 ಲಕ್ಷ ಗಂಟೆಗಳ ದುಡಿಮೆಯನ್ನು ಸಂಬಳವಿಲ್ಲದೆ ಕೊಡುತ್ತಾರೆ. ಬಿದ್ದ ಮರ ಕೊಯ್ಯುವುದು, ನೀರು ಹರಿದು ದಾರಿ ಕೊರೆಯದಂತೆ ಅಡ್ಡಗಾಲುವೆ ತೆಗೆಯುವುದು, ತಂಗುಮನೆಯ ಶೌಚದ ಗುಂಡಿ ಬದಲಿಸುವುದು. ಕೊನೆಯ ಈ ಕೆಲಸದ ಫೋಟೊ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಅವರು ಮಾಡುವ ಇನ್ನೊಂದು ಕೆಲಸ ಬಣ್ಣ ಹಚ್ಚುವುದು. ಮರದಿಂದ ಮರಕ್ಕೆ, ಬಂಡೆಯಿಂದ ಬಂಡೆಗೆ ಎರಡಿಂಚು ಅಗಲ, ಆರಿಂಚು ಉದ್ದದ ಬಿಳಿಯ ಪಟ್ಟೆ. ಒಂದು ಪಟ್ಟೆ ದಾಟಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಣಬೇಕು. ಅಜ್ಜಿ ನಕ್ಷೆ ಇಲ್ಲದೆ ಹೊರಟಳು ಎಂದು ಹೊಗಳುವಾಗ ಆ ನಕ್ಷೆಯನ್ನು ಕುಂಚ ಹಿಡಿದ ಯಾರೋ ಮರಗಳ ಮೇಲೆಯೇ ಬರೆದಿಟ್ಟಿದ್ದರು ಎಂಬುದನ್ನೂ ಸೇರಿಸಬೇಕು. ಬರೆಯದೆ ಬಿಟ್ಟ ಕಡೆ, ಗಿಡಗಂಟಿ ಮುಚ್ಚಿದ ಕಡೆ, ಆಕೆ ದಾರಿ ತಪ್ಪಿದಳು. ತಂಗುಮನೆ ಸುಟ್ಟುಹೋಗಿದ್ದ ಕಡೆ ನೆನೆದಳು. ನಡಿಗೆ ಮುಗಿಸಿದ ಮೇಲೆ ದಾರಿಯ ದುಃಸ್ಥಿತಿಯ ಬಗ್ಗೆ ಪತ್ರಕರ್ತರ ಮುಂದೆ ಖಾರವಾಗಿಯೇ ಮಾತಾಡಿದಳು. ಆ ಮಾತಿನಿಂದ ದೇಶದ ಗಮನ ದಾರಿಯ ಕಡೆ ತಿರುಗಿತು.

ಹಗುರ ಚಾರಣಕ್ಕೆ ಶಾಸ್ತ್ರದ ರೂಪ ಕೊಟ್ಟವರು ರೇ ಜಾರ್ಡಿನ್. ವ್ಯೋಮಯಾನ ಕ್ಷೇತ್ರದ ಎಂಜಿನಿಯರ್. ಅಮೆರಿಕದ ಪಶ್ಚಿಮದಲ್ಲಿ ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯ ತನಕ ಹೋಗುವ ಪೆಸಿಫಿಕ್ ಕ್ರೆಸ್ಟ್ ಕಾಲುದಾರಿಯನ್ನು ಹೆಂಡತಿ ಜೆನ್ನಿಯೊಡನೆ 1987, 1991 ಮತ್ತು 1994ರಲ್ಲಿ ನಡೆದು, 1992ರಲ್ಲಿ ಅದರ ಕೈಪಿಡಿ ಬರೆದರು. ಚೀಲ, ಸೂರು, ಹೊದಿಕೆ ಎಲ್ಲವನ್ನೂ ದಂಪತಿಗಳು ಮನೆಯಲ್ಲೇ ಹೊಲಿದುಕೊಂಡವರು. ಅವರ ದಾರಿ ಹಿಡಿದವರು ಇಂದು ತಂಪು ಪಾನೀಯದ ಖಾಲಿ ಡಬ್ಬಿಯಿಂದ ಇಪ್ಪತ್ತು ಗ್ರಾಂ ಕೂಡ ತೂಗದ ಸ್ಪಿರಿಟ್ ಒಲೆ ಮಾಡುತ್ತಾರೆ. ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ 100ಕ್ಕೆ ಏರಿಸಲು 168 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಈಥೈಲ್ ಆಲ್ಕೊಹಾಲ್ ಉರಿದರೆ ಸುಮಾರು 27 ಕಿಲೋಜೂಲ್ ಬರುತ್ತದೆ. ಆರೇಳು ಗ್ರಾಂ ಸಾಕು ಎನ್ನಿಸುತ್ತದೆ, ಆದರೆ ಗಾಳಿಗೆ ಅರ್ಧಕ್ಕರ್ಧ ಶಾಖ ಹಾಳು. ಹದಿನೈದು ಗ್ರಾಂ ಹಿಡಿಯಿರಿ. ಹಕ್ಕಿಯ ಮೃದು ಗರಿ ತುಂಬಿದ ಹೊದಿಕೆಯ ಗುಟ್ಟೂ ಸರಳ: ಅದರಲ್ಲಿ ಬೆಚ್ಚಗಿಡುವುದು ಗರಿಗಿಂತ ಹೆಚ್ಚಾಗಿ ಗರಿಗಳ ನಡುವೆ ಸಿಕ್ಕಿಬಿದ್ದ ಗಾಳಿ. ಗಾಳಿಗೆ ತೂಕ ಕಡಿಮೆ, ಶಾಖ ಸಾಗಿಸುವ ಗುಣವೂ ಕಡಿಮೆ. (ಒಲೆಯ ಪ್ರಯೋಗವನ್ನು ಮಕ್ಕಳು ದೊಡ್ಡವರಿಲ್ಲದಾಗ ಮಾಡುವಂತಿಲ್ಲ. ಸ್ಪಿರಿಟ್ಟಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ.)

ಇಷ್ಟೆಲ್ಲ ಜಾಣತನ ಮಾಡಿದರೂ ಆಹಾರದ ಲೆಕ್ಕ ಮೊದಲಿನಷ್ಟೇ. ಅದನ್ನು ಬಗೆಹರಿಸುವುದು ಅಂಚೆ. ಊರ ಹೆಸರು ಬರೆದು 'ಜನರಲ್ ಡೆಲಿವರಿ' ಎಂದು ನಮೂದಿಸಿದರೆ ಅಮೆರಿಕದ ಅಂಚೆ ಕಚೇರಿ ಆ ಪಾರ್ಸೆಲನ್ನು ಕೆಲವು ವಾರ ಇಟ್ಟುಕೊಂಡು, ಬಂದು ಕೇಳಿದವರಿಗೆ ಕೊಡುತ್ತದೆ. ನಮ್ಮಲ್ಲಿಯ 'ಪೋಸ್ಟ್ ರೆಸ್ಟಾಂಟ್' ಇದರ ಅಣ್ಣತಮ್ಮ. ದೂರ ನಡೆಯುವವರು ಹೊರಡುವ ಮುನ್ನವೇ ಅವಲಕ್ಕಿ ಕಟ್ಟಿದ ಹಾಗೆ ಇಪ್ಪತ್ತು ಮೂವತ್ತು ಪೆಟ್ಟಿಗೆ ಕಟ್ಟಿಡುತ್ತಾರೆ. ತಾರೀಖು ನೋಡಿ ಒಂದೊಂದನ್ನೇ ಅಂಚೆಗೆ ಹಾಕುವ ಕೆಲಸ ಮನೆಯಲ್ಲಿರುವ ಅಮ್ಮನದೋ ಅಪ್ಪನದೋ ತಂಗಿಯದೋ. ಪೆಟ್ಟಿಗೆ ಒಂದು ದಿನ ತಡವಾದರೆ ಬೆಟ್ಟದ ಮೇಲಿರುವವನು ಒಂದು ದಿನ ಉಪವಾಸ. ಮಗ ಕಾಡು ಸುತ್ತುವ ಐದು ತಿಂಗಳೂ ಈ ಅಮ್ಮ ಕ್ಯಾಲೆಂಡರಿನ ಮುಂದೆ ಕಾವಲಿರುತ್ತಾಳೆ. ಮಗ ಮನೆಗೆ ಬಂದು ಫೋಟೊ ತೋರಿಸುವಾಗ ಅವಳು ಒಂದರಲ್ಲೂ ಇರುವುದಿಲ್ಲ.

ನಮ್ಮ ಕಡೆಯೂ ಈ ಋಣ ಗೊತ್ತಿಲ್ಲದ್ದಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತ ಹತ್ತಿದ ಎಷ್ಟೋ ತಲೆಮಾರಿನ ಹುಡುಗರು ಅಕ್ಕಿ, ಪಾತ್ರೆ ಹೊರದೆ ಹೋಗಿ ಬಂದದ್ದು ನಡುದಾರಿಯ ಗಿರಿಗದ್ದೆಯ ಒಂಟಿ ಮನೆಯ ಅನ್ನ, ಸಾಂಬಾರು, ಮಜ್ಜಿಗೆಯ ಬಲದಿಂದ.

ಉಪಕಾರದ ಹೊರೆ

ಅಪಲೇಚಿಯನ್ ದಾರಿಯಲ್ಲಿ ಇಂಥ ಉಪಕಾರಿಗಳನ್ನು 'ಟ್ರೇಲ್ ಏಂಜೆಲ್' ಎಂದು ಕರೆಯುತ್ತಾರೆ. ದಾರಿದೇವತೆ ಎನ್ನಬಹುದು. ರಸ್ತೆ ದಾಟುವ ಕಡೆ ಹಣ್ಣಿನ ಬುಟ್ಟಿ ಇಟ್ಟುಹೋಗುವವರು, ಊರಿನ ತನಕ ಕಾರಿನಲ್ಲಿ ಬಿಡುವವರು, ಒದ್ದೆಯಾಗಿ ಬಂದವರಿಗೆ ಬಿಸಿನೀರು ಕೊಡುವವರು. ಹಲವರು ದುಡ್ಡು ಮುಟ್ಟುವುದಿಲ್ಲ. ಒಂದು ಕಾಲದಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಜನ ಬರುತ್ತಿದ್ದ ದಾರಿಗೆ ಈಗ ಸಾವಿರಾರು ಜನ ಬರುತ್ತಾರೆ. ಅವರಲ್ಲಿ ಕೆಲವರಿಗೆ ಉಪಕಾರ ಎಂಬುದು ಹಕ್ಕಾಗಿಬಿಟ್ಟಿದೆ. ಚೀಲ ಹಗುರ ಮಾಡುವ ಹುಚ್ಚಿನಲ್ಲಿ ಮಳೆಯಂಗಿಯನ್ನೂ ಬಿಟ್ಟು ಬಂದು, ಚಳಿಗೆ ಸಿಕ್ಕಿ, ರಕ್ಷಣಾ ಪಡೆಯನ್ನು ರಾತ್ರಿ ಬೆಟ್ಟ ಹತ್ತಿಸುವವರೂ ಇದ್ದಾರೆ. ಆ ಪಡೆಗಳಲ್ಲಿಯೂ ಬಹುಪಾಲು ಸ್ವಯಂಸೇವಕರೇ. ತಾನು ಹೊರದ ಎರಡು ಕಿಲೋಗೆ ಬದಲಾಗಿ ಹನ್ನೆರಡು ಮಂದಿ ಒಂದು ಸ್ಟ್ರೆಚರ್ ಹೊರುವ ಹಾಗಾದರೆ ಅದು ಯಾವ ಬಗೆಯ ಹಗುರ?

ತಿಳಿದವರು ತೀರಿಸುವ ಕ್ರಮವೇ ಬೇರೆ. ನ್ಯೂ ಹ್ಯಾಂಪ್‌ಶೈರ್‌ನ ಬಿಳಿಬೆಟ್ಟಗಳಲ್ಲಿ ಅಪಲೇಚಿಯನ್ ಪರ್ವತ ಸಂಘದ ಗುಡಿಸಲುಗಳಿವೆ. ಅಲ್ಲಿ ದೂರದ ನಡಿಗೆಯವರು ಪಾತ್ರೆ ತೊಳೆದು, ನೆಲ ಗುಡಿಸಿ, ಉಳಿದ ಊಟ ಉಂಡು ನೆಲದ ಮೇಲೆ ಮಲಗುವ ಪದ್ಧತಿ ಇದೆ. ತಂಗುಮನೆಗಳಲ್ಲಿ ಒಂದೊಂದು ನೋಟ್‌ಬುಕ್ ಇರುತ್ತದೆ. ಬಂದವರು ತಾರೀಖು ಹಾಕಿ ನಾಲ್ಕು ಸಾಲು ಬರೆಯುತ್ತಾರೆ. ಮೇಲ್ಛಾವಣಿ ರಿಪೇರಿ ಮಾಡಿದ ಸಂಘದವರು ಮುಂದಿನ ಸಲ ಬಂದಾಗ ಅದನ್ನು ಓದುತ್ತಾರೆ. ಯಾರಾದರೂ ಕಾಣೆಯಾದರೆ ಹುಡುಕುವವರಿಗೆ ಆ ಪುಸ್ತಕವೇ ಮೊದಲ ಸುಳಿವು.

ಎಮ್ಮಾ ಅಜ್ಜಿ 1957ರಲ್ಲಿ ಅದೇ ದಾರಿಯನ್ನು ಇನ್ನೊಮ್ಮೆ ನಡೆದಳು. 1964ರಲ್ಲಿ ತುಂಡು ತುಂಡಾಗಿ ನಡೆದು ಮೂರನೆಯ ಸಲ ಪೂರ್ತಿ ಮಾಡಿದಳು. ಮೂರು ಸಲ ಮುಗಿಸಿದವರಲ್ಲಿ ಆಕೆಯೇ ಮೊದಲಿಗಳು. ನಡುವೆ 1959ರಲ್ಲಿ ಮಿಸೌರಿಯಿಂದ ಪೋರ್ಟ್‌ಲೆಂಡ್‌ವರೆಗೆ ಹಳೆಯ ಒರೆಗನ್ ದಾರಿಯ ಗುಂಟ ಸುಮಾರು 3,200 ಕಿಲೋಮೀಟರ್ ನಡಿಗೆ. ಪತ್ರಿಕೆಗಳು ಈ ದಾಖಲೆಗಳನ್ನು ಕೊಂಡಾಡಿದವು. ಅಷ್ಟಾಗಿ ಕೊಂಡಾಡದೆ ಬಿಟ್ಟದ್ದು ಆಕೆ ತನ್ನ ರಾಜ್ಯಕ್ಕೆ ಮರಳಿ ಮಾಡಿದ ಕೆಲಸ. ಒಹಾಯೊವನ್ನು ಸುತ್ತಿ ಬರುವ ಬಕ್‌ಐ ಕಾಲುದಾರಿಯ ಸಂಘ 1959ರಲ್ಲಿ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಆಕೆಯೂ ಒಬ್ಬಳು. ಎಪ್ಪತ್ತು ದಾಟಿದ ಮೇಲೆ ತನ್ನ ಗ್ಯಾಲಿಯಾ ಕೌಂಟಿಯಲ್ಲಿ ಪೊದೆ ಸವರಿ, ಮರಗಳಿಗೆ ಗುರುತು ಹಾಕಿ, ಬೇರೆಯವರು ನಡೆಯಲು ದಾರಿ ಮಾಡಿದಳು. ಹಾಕಿಂಗ್ ಹಿಲ್ಸ್ ಎಂಬಲ್ಲಿ ಜನವರಿಯಲ್ಲಿ ಚಳಿಗಾಲದ ನಡಿಗೆ ಮುನ್ನಡೆಸಿದಳು. 1973ರ ಜೂನ್‌ನಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಉಂಡ ಮನೆಗಳಿಗೆಲ್ಲ ಹಿಂತಿರುಗಿ ಹೋಗಿ ಕೈಮುಗಿಯುವುದು ಸಾಧ್ಯವಿರಲಿಲ್ಲ. ಹಿಂದೆ ಬರುವವರಿಗೆ ಪೊದೆ ಸವರುವುದು ಸಾಧ್ಯವಿತ್ತು.

ವರ್ಜೀನಿಯದ ಡಮಾಸ್ಕಸ್ ಎಂಬ ಪುಟ್ಟ ಊರಿನ ಮುಖ್ಯಬೀದಿಯಲ್ಲೇ ಈ ಕಾಲುದಾರಿ ಹಾದು ಹೋಗುತ್ತದೆ. ಅಲ್ಲಿಯ ಚರ್ಚೊಂದು ದಶಕಗಳಿಂದ ನಡೆಯುವವರಿಗೆ ತಂಗಲು ಮನೆ ಬಿಟ್ಟುಕೊಟ್ಟಿದೆ. 1987ರಿಂದ ಅಲ್ಲಿ ಮೇ ತಿಂಗಳಲ್ಲಿ 'ಟ್ರೇಲ್ ಡೇಸ್' ಎಂಬ ಜಾತ್ರೆ. ಆ ವರ್ಷ, ಹಿಂದಿನ ವರ್ಷ, ಇಪ್ಪತ್ತು ವರ್ಷದ ಹಿಂದೆ ನಡೆದವರೆಲ್ಲ ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ, ಊರವರು ರಸ್ತೆಯ ಎರಡೂ ಬದಿ ನಿಂತು ನೀರೆರಚುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಡಮಾಸ್ಕಸ್ಸನ್ನೂ ದಕ್ಷಿಣದ ಇನ್ನಷ್ಟು ದಾರಿಯೂರುಗಳನ್ನೂ ಕೊಚ್ಚಿ ಹಾಕಿತು. ಸಾವಿರಾರು ಮರಗಳು ದಾರಿಗೆ ಅಡ್ಡ ಬಿದ್ದವು. ಟೆನೆಸಿಯ ಅರ್ವಿನ್ ಊರಿನ ಬಳಿ ನೊಲಿಚಕಿ ನದಿಯ ಸೇತುವೆಯೇ ಹೋಯಿತು. ಆ ಚಳಿಗಾಲವೆಲ್ಲ ಸಂಘಗಳ ಜನ ಗರಗಸ ಹಿಡಿದು ಕಾಡಿನಲ್ಲಿದ್ದರು. 2025ರ ನಡಿಗೆಯ ಹಂಗಾಮಿಗೆ ನೊಲಿಚಕಿ ದಾಟಲು ದೋಣಿಯ ವ್ಯವಸ್ಥೆ ಆಯಿತು, ಮೇ ತಿಂಗಳಲ್ಲಿ ಡಮಾಸ್ಕಸ್ಸಿನ ಜಾತ್ರೆಯೂ ನಡೆಯಿತು.

ಉತ್ತರ ತುದಿಯಲ್ಲಿ, ವಾರ್ಡನ್‌ಗಳು ಅಜ್ಜಿಯನ್ನು ದಾಟಿಸಿದ ಕೆನೆಬೆಕ್ ನದಿಗೆ ಇಂದಿಗೂ ಕಾಲುದಾರಿಯ ಸೇತುವೆ ಇಲ್ಲ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಹೇಳದೆ ಕೇಳದೆ ಏರುತ್ತದೆ. 1985ರಲ್ಲಿ ಅದನ್ನು ನಡೆದು ದಾಟಲು ಹೋದ ಚಾರಣಿಗರೊಬ್ಬರು ಮುಳುಗಿ ಸತ್ತರು. ಆಮೇಲೆ ಅಲ್ಲಿ ಹಂಗಾಮಿನ ದಿನಗಳಲ್ಲಿ ಒಬ್ಬ ಅಂಬಿಗ ಸಣ್ಣ ದೋಣಿ ಇಟ್ಟುಕೊಂಡು ಕಾಯುವ ಏರ್ಪಾಡಾಯಿತು. ನಡೆಯುವವರಿಂದ ಕಾಸು ತೆಗೆದುಕೊಳ್ಳುವುದಿಲ್ಲ, ಖರ್ಚು ಕಾಲುದಾರಿಯ ಸಂಘಗಳದ್ದು. ಚೀಲವನ್ನು ದೋಣಿಯ ನಡುವೆ ಇಟ್ಟು ಕುಳಿತುಕೊಳ್ಳಬೇಕು. ತಲೆ ಬಗ್ಗಿಸಿ ನೋಡಿದರೆ ದೋಣಿಯ ತಳದಲ್ಲಿ, ಮರಗಳ ಮೇಲೆ ಇರುವಂಥದೇ ಎರಡಿಂಚು ಅಗಲ, ಆರಿಂಚು ಉದ್ದದ ಒಂದು ಬಿಳಿ ಪಟ್ಟೆ ಕಾಣುತ್ತದೆ.